ಎಡಗಾಲಿನ ಕೆಲಸ

ವಾದಿ ಕಬೀರಿನ ಗ್ಯಾರೇಜು ಸಾಲಿನ ಕೊನೆಗೆ
ತಗಡಿನ ನೆರಳಲ್ಲಿ ಎರಡು ನಿಂತಿದ್ದವು.
ಒಂದೇ ಕಂಪನಿ, ಒಂದೇ ವರ್ಷ,
ಎರಡಕ್ಕೂ ಎರಡೆರಡೇ ಸೀಟು.
ಬೆಳ್ಳಿಬಣ್ಣದ್ದು ಆಟೋಮ್ಯಾಟಿಕ್, ಓಡಿದ್ದು ಅರವತ್ತೆರಡು ಸಾವಿರ,
ಬಾಗಿಲ ಅಂಚಿನ ಪ್ಲಾಸ್ಟಿಕ್ಕು ಕೂಡ ಕಿತ್ತಿಲ್ಲ.
ಕೆಂಪಿನದು ಮ್ಯಾನ್ಯುವಲ್, ಒಂದು ಲಕ್ಷದ ನಲವತ್ತೊಂದು,
ಬಾನೆಟ್ಟಿನ ಮೇಲೆ ಬಿಸಿಲು ನೆಕ್ಕಿದ ಕಲೆ.

"ಬೆಳ್ಳಿಯದು ತಗೊಳ್ಳಿ ಅಕ್ಕ," ಅಂದ ಇದಿನಬ್ಬ,
ಉಪ್ಪಿನಂಗಡಿಯವನು, ಗೇರ್‌ಬಾಕ್ಸಿನ ಡಾಕ್ಟರು,
ಗ್ರೀಸಿನ ಬಟ್ಟೆಯಲ್ಲೇ ಮುಖ ಒರೆಸುತ್ತ.
"ರೂವಿಯಲ್ಲಿ ಸಂಜೆ ಏಳಕ್ಕೆ ಸಿಕ್ಕಿಬಿದ್ದಾಗ
ನಿಮಗೇ ಗೊತ್ತಾಗ್ತದೆ.
ಮತ್ತೆ ನಾಳೆ ಕೆಂಪನ್ನು ಮಾರಲಿಕ್ಕೆ ಹೋದ್ರೆ
ಈ ಊರಲ್ಲಿ ಕೇಳುವವರು ಯಾರು?"

ವಾಮನರಾಯರೂ ಬೆಳಿಗ್ಗೆ ಅದನ್ನೇ ಅಂದಿದ್ದರು,
ಐವತ್ತೊಂದಕ್ಕೆ ಹೆಂಡತಿಗೆ ಸ್ಪೋರ್ಟ್ಸ್ ಕಾರು ಎಂಬುದನ್ನು
ಚಹಾದ ಜೊತೆ ಹೇಗೋ ನುಂಗಿಕೊಂಡು:
"ಆಯ್ತು, ಕೊಳ್ಳು. ಆದರೆ ಆಟೋಮ್ಯಾಟಿಕ್.
ನಿನ್ನ ಮಂಡಿ. ಆಮೇಲೆ ರೀಸೇಲ್."

ರೀಸೇಲ್.
ಇಪ್ಪತ್ಮೂರು ವರ್ಷ ಈ ಪದದ ಜೊತೆ ಸಂಸಾರ ಮಾಡಿದ್ದೇನೆ.
ಮಂಚವೆಂದರೆ ಬಿಚ್ಚಿ ಜೋಡಿಸಬಹುದಾದದ್ದು,
ಪರದೆಯೆಂದರೆ ಯಾರ ಗೋಡೆಗೂ ಒಪ್ಪುವ ಬೂದು,
ಫ್ರಿಜ್ಜಿಗೆ ಸ್ಟಿಕ್ಕರ್ ಅಂಟಿಸಬೇಡ ಮಗಳೇ,
ಹೋಗುವಾಗ ಕಲೆ ಉಳಿಯುತ್ತದೆ.
ಹೋಗುವಾಗ, ಹೋಗುವಾಗ.
ವೀಸಾ ಎರಡೆರಡು ವರ್ಷಕ್ಕೆ ಹೊಸದಾಗುತ್ತ ಹೋಯಿತು.
ಫ್ರಿಜ್ಜು ಮೂರು ಸತ್ತವು,
ಒಂದನ್ನೂ ಮಾರಲಿಲ್ಲ.

ಬೆಳ್ಳಿಯದನ್ನೂ ಓಡಿಸಿದೆ, ನ್ಯಾಯಕ್ಕೆ.
ಸುಳ್ಳು ಯಾಕೆ, ಬೆಣ್ಣೆ.
ನಾನು ಯೋಚಿಸುವಷ್ಟರಲ್ಲಿ
ಅದೇ ಯೋಚಿಸಿ ಮುಗಿಸಿರುತ್ತಿತ್ತು.
ಮನೆಯಲ್ಲೊಬ್ಬರು ಹಾಗೇ ಇದ್ದಾರೆ.

ಕೆಂಪಿನ ಕೀಲಿ ಹಮೂದನ ಕಿಸೆಯಲ್ಲಿತ್ತು.
"ಸೀಟು ಎರಡು, ನಾವೀಗ ಮೂವರು,"
ಅರ್ಧ ಹಿಂದಿಯಲ್ಲಿ ನಾಚಿದ, ಹೊಸ ಅಪ್ಪ.
ಗೇರಿನ ಗುಂಡಿನ ಮೇಲೆ ಒಂದಿದೆ, ಎರಡಿದೆ,
ನಾಲ್ಕು, ಐದು, ಆರು ಇವೆ.
"ಮೂರೆಲ್ಲಿ?" ಅಂದೆ.
"ಆಮಿರಾತ್ ಬೆಟ್ಟದಲ್ಲಿ," ಅಂದ.

ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟೆ.
ಪಾಪದ್ದು.
ಸೇರು ಒದೆಯುವಾಗ ಬಲಗಾಲು ಎಂದರು,
ಸೀಬಿನಲ್ಲಿ ವಿಮಾನ ಇಳಿದಾಗ ಅಮ್ಮನನ್ನು ನೆನೆದು ಬಲಗಾಲು,
ಲ್ಯಾಬಿನ ಬಾಗಿಲಲ್ಲಿ, ಬಾಡಿಗೆಯ ಐದು ಮನೆಗಳಲ್ಲಿ ಬಲಗಾಲು.
ಎಡದ್ದು ಎಲ್ಲ ಕಡೆಗೂ ಬಂತು, ಹಿಂದಿನಿಂದ, ಕರೆಯದೆ.
ಊರಲ್ಲಿ ಗೇರು ಎಡಗೈಗೆ, ಇಲ್ಲಿ ಬಲಗೈಗೆ,
ಸ್ಟಿಯರಿಂಗೇ ಪಕ್ಷ ಬದಲಿಸಿತು,
ಕ್ಲಚ್ಚು ಮಾತ್ರ ಎರಡೂ ದೇಶದಲ್ಲಿ
ಎಡಗಾಲಿನದೇ.
ಮೂರು ಸಲ ಡ್ರಮ್ಮು ಉರುಳಿಸಿದ ಮೇಲೆ
ನಾಲ್ಕನೆಯ ಸಲ ಪೋಲೀಸು ಪಾಸ್ ಎಂದಾಗ
ಗಡಗಡ ನಡುಗಿದ್ದು ಇದೇ ಕಾಲು.
ಆಮೇಲಿನ ವರ್ಷಗಳೆಲ್ಲ ಮ್ಯಾಟಿನ ಮೇಲೆ ಕೂತಿತ್ತು,
ಪಿಂಚಣಿ ಬಂದವರಂತೆ, ಸುಮ್ಮನೆ.

ಗೇಟಿನ ಏರಿನಲ್ಲೇ ಆಫಾಯಿತು.
ಹಿಂದೆ ನೀರಿನ ಟ್ಯಾಂಕರಿನ ಹಾರ್ನು.
ಇದಿನಬ್ಬ ಮರ್ಯಾದಸ್ಥ,
ಬೇರೆ ಕಡೆ ನೋಡುತ್ತ ನಿಂತ.
ಮತ್ತೆ ಕೀಲಿ, ಮತ್ತೆ ಒಂದು.
ಹಿಡಿಯುವುದಕ್ಕೂ ಬಿಡುವುದಕ್ಕೂ ನಡುವೆ
ಅರ್ಧ ಅಂಗುಲ ಜಾಗವಿದೆ,
ಪಾದಕ್ಕೆ ಮಾತ್ರ ಗೊತ್ತಾಗುವಂಥದ್ದು.
ಅಲ್ಲಿ ಕಾರು ಮೈ ಕೊಡವಿತು.

ಸಾವಿರದ ಎಂಟುನೂರು ರಿಯಾಲು.
ಹಮೂದ್ ನೋಟು ಎಣಿಸಲಿಲ್ಲ, ಬಾನೆಟ್ಟು ತಟ್ಟಿದ.
"ಇನ್ನು ಇದನ್ನು ಮಾರುವ ಹಾಗಿಲ್ಲ ಅಕ್ಕ."
ಇಲ್ಲ ಇದಿನಬ್ಬ.

ಮಂಡಿ ನೋಯುತ್ತದೆ, ಅದೂ ನಿಜ.
ರಾತ್ರಿ ಎಣ್ಣೆ ತಿಕ್ಕುವಾಗ ರಾಯರು
ಪೇಪರಿನ ಹಿಂದೆ ಇದ್ದರು, ಒಂದೂ ಮಾತಿಲ್ಲ.
ಶುಕ್ರವಾರ ಬೆಳಿಗ್ಗೆ ಕೆಳಗಿಳಿದು ನೋಡಿದರೆ
ಪಕ್ಕದ ಸೀಟಿನಲ್ಲಿ ಕೂತಿದ್ದಾರೆ, ಬೆಲ್ಟು ಬಿಗಿದುಕೊಂಡು,
ಗೇರಿನ ಗುಂಡನ್ನು ಹೆಬ್ಬೆರಳಲ್ಲಿ ಸವರುತ್ತ,
"ಇಲ್ಲೇನಿತ್ತು?" ಎನ್ನುತ್ತ.